ಕಾಕಂಬಿಯಲ್ಲಿ ಮಿಂದ ಯುದ್ಧದ ಲಾರಿ

ಕೆನಡಾದಲ್ಲಿ ಅವಸರಕ್ಕೆ ಹುಟ್ಟಿತು. ಯುದ್ಧಕಾಲದಲ್ಲಿ ಹಡಗೇರಿ ಬಂತು. ಮಲೆನಾಡಿನ ಚೌಬೀನೆ ಹೊತ್ತು, ಕೊನೆಗೆ ಹಲಸಿನ ಮರದ ಬುಡದಲ್ಲಿ ತುಕ್ಕು ಹಿಡಿದು ಕೂತಿತು. ಆ ಷೆವರ್ಲೆ ಲಾರಿಗೆ ಈಗ ಅಡಿಕೆ ಅಂಗಳದ ಶೆಡ್ಡಿನಲ್ಲಿ ಹೊಸ ಮೈ ಬರುತ್ತಿದೆ. ಕಾರ್ಖಾನೆಯ ಪ್ರೆಸ್ಸಿನಿಂದಲ್ಲ, ಹುಣಸೆ ಕೊಡತಿಯ ಏಟಿನಿಂದ.

ಡ್ರಮ್ಮಿನ ಮುಚ್ಚಳ ಸರಿಸಿದ್ದೇ ತಡ, ಹುಳಿ ಬಂದ ಆಲೆಮನೆಯ ವಾಸನೆ ಶೆಡ್ಡು ತುಂಬಿತು. ಕಪ್ಪು ನೀರಿನ ಮೇಲೆ ಬೂಷ್ಟು ಕೆನೆಗಟ್ಟಿತ್ತು. ಸೋದರಮಾವ ಮೊಣಕೈವರೆಗೆ ರಬ್ಬರ್ ಗ್ಲೌಸು ಏರಿಸಿಕೊಂಡು ಒಳಗೆ ಕೈ ಇಳಿಸಿದರು. ಸ್ವಲ್ಪ ಹೊತ್ತು ತಡಕಾಡಿ ಒಂದು ಕಬ್ಬಿಣದ ತುಂಡು ಮೇಲೆತ್ತಿ ಪೈಪಿನ ನೀರು ಬಿಟ್ಟರು.

ಬಾಗಿಲಿನ ಕೀಲು. ಮೂರು ವಾರದ ಹಿಂದೆ ಅದು ತುಕ್ಕಿನ ಗಡ್ಡೆ. ಎರಡು ರೆಕ್ಕೆ ಎಲ್ಲಿ ಕೂಡುತ್ತವೆ ಎಂಬುದೇ ಕಾಣುತ್ತಿರಲಿಲ್ಲ. ಈಗ ಬೂದು ಬಣ್ಣದ ಬರಿಮೈ ಕಬ್ಬಿಣ. ಮಾವ ಎರಡು ಬೆರಳಲ್ಲಿ ಹಿಡಿದು ಮಡಚಿದರು. ಸದ್ದಿಲ್ಲದೆ ಮಡಚಿಕೊಂಡಿತು.

“ಇನ್ನೂ ಗಟ್ಟಿ ಇದೆ ನೋಡು ಮಾರಾಯ.”

ಅವರ ಹಿಂದೆ, ಮತ್ತಿ ಮರದ ನಾಲ್ಕು ದಿಮ್ಮಿಗಳ ಮೇಲೆ, ಲಾರಿಯ ಚಾಸಿ ನಿಂತಿತ್ತು. ಚಕ್ರವಿಲ್ಲ, ಬಾಡಿಯಿಲ್ಲ, ಎಂಜಿನ್ ಇಲ್ಲ. ರೆಡ್ ಆಕ್ಸೈಡ್ ಬಳಿದ ಎರಡು ಉದ್ದನೆಯ ಹಳಿ, ನಡುವೆ ಅಡ್ಡಪಟ್ಟಿಗಳು. ಆಯುಧ ಪೂಜೆಗೆ ಇನ್ನು ಮೂರು ವಾರ. ಅಷ್ಟರೊಳಗೆ ಅದು ತನ್ನ ಚಕ್ರದ ಮೇಲೆ ತಾನು ನಿಲ್ಲಬೇಕು ಎಂದು ಮಾವ ಪಣ ತೊಟ್ಟಿದ್ದರು.

ಡನ್‌ಕರ್ಕ್‌ನ ಅವಸರದ ಕೂಸು

ಊರಿನವರ ಬಾಯಲ್ಲಿ ಇದು ‘ಮಿಲ್ಟ್ರಿ ಲಾರಿ’. ಮೋಟು ಮೂತಿ, ಅಗಲವಾದ ಮಡ್‌ಗಾರ್ಡು, ಕಾಳಗಕ್ಕೆ ತಲೆತಗ್ಗಿಸಿದ ಟಗರಿನ ನಿಲುವು. ಒಮ್ಮೆ ನೋಡಿದರೆ ಬೇರೆ ಲಾರಿಯೆಂದು ಭ್ರಮಿಸುವ ಹಾಗಿಲ್ಲ.

ಇದರ ಕುಲದ ಹೆಸರು ಕೆನೆಡಿಯನ್ ಮಿಲಿಟರಿ ಪ್ಯಾಟರ್ನ್. ಬ್ರಿಟಿಷ್ ಸೇನೆ ಹೇಳಿದ ಅಳತೆಗೆ ಕೆನಡಾದ ಕಾರ್ಖಾನೆಗಳು ಮಾಡಿಕೊಟ್ಟ ಲಾರಿ. 1940ರ ಮೇ, ಜೂನಿನಲ್ಲಿ ಡನ್‌ಕರ್ಕ್ ತೀರದಿಂದ ಸೈನಿಕರನ್ನು ಸಿಕ್ಕ ಸಿಕ್ಕ ಹಡಗು, ದೋಣಿಗಳಲ್ಲಿ ಎತ್ತಿಕೊಂಡು ಬಂದ ಬ್ರಿಟನ್, ಫ್ರಾನ್ಸಿನ ನೆಲದಲ್ಲಿ 60 ಸಾವಿರಕ್ಕೂ ಹೆಚ್ಚು ವಾಹನಗಳನ್ನು ಬಿಟ್ಟುಬಂದಿತ್ತು. ಜೀವ ಉಳಿದಿತ್ತು, ಕಾಲು ಹೋಗಿತ್ತು. ಆ ಕಾಲು ಕೊಟ್ಟದ್ದು ಕೆನಡಾ. ಆಗ ಆ ದೇಶದ ಜನಸಂಖ್ಯೆ 1.15 ಕೋಟಿ. ಯುದ್ಧ ಮುಗಿಯುವ ಹೊತ್ತಿಗೆ ಅದು ಮಾಡಿದ ಸೇನಾ ವಾಹನಗಳ ಸಂಖ್ಯೆ 8 ಲಕ್ಷ ದಾಟಿತ್ತು.

ವಿಂಡ್ಸರ್‌ನಲ್ಲಿ ಫೋರ್ಡ್, ಒಷಾವಾದಲ್ಲಿ ಜನರಲ್ ಮೋಟರ್ಸ್. ಪೇಟೆಯಲ್ಲಿ ಹಾವು ಮುಂಗುಸಿಯಂತಿದ್ದ ಎರಡೂ ಕಂಪನಿಗಳು ಒಂದೇ ನಕ್ಷೆ ಹಿಡಿದು ಕೂತವು. ಕ್ಯಾಬು ಒಂದೇ, ಎಂಜಿನ್ ಬೇರೆ. ಫೋರ್ಡಿನದು 95 ಅಶ್ವಶಕ್ತಿಯ ವಿ8. ಷೆವರ್ಲೆಯದು ಸಾಲಾಗಿ ನಿಂತ ಆರು ಸಿಲಿಂಡರಿನ, 3.5 ಲೀಟರಿನ, 85 ಅಶ್ವಶಕ್ತಿಯ ಎಂಜಿನ್.

ಮೋಟು ಮೂತಿಗೂ ಕಾರಣವಿದೆ. ಹಡಗಿನೊಳಗೆ ಒಂದೊಂದು ಅಡಿ ಜಾಗಕ್ಕೂ ಬೆಲೆಯಿತ್ತು. ಹಾಗಾಗಿ ಎಂಜಿನ್ನನ್ನು ಹಿಂದಕ್ಕೆ ತಳ್ಳಿ ಚಾಲಕನ ಪಕ್ಕಕ್ಕೇ ತಂದರು. ಅವನ ಕಾಲಿಗೆ ಜಾಗ ಕಿರಿದಾಯಿತು, ಸೆಕೆ ಹೆಚ್ಚಿತು, ಲಾರಿ ಗಿಡ್ಡವಾಯಿತು. ಎದುರಿನ ಗಾಜಿನ ಕಥೆ ಇನ್ನೂ ಚೆಂದ. ಕೊನೆಯ ಮಾದರಿಯಾದ 13ನೇ ನಂಬರಿನ ಕ್ಯಾಬಿನಲ್ಲಿ ಗಾಜಿನ ಬುಡ ಒಳಕ್ಕೆ ಸರಿದು ತಲೆ ಮುಂದಕ್ಕೆ ಬಾಗಿದೆ. ಬಿಸಿಲು ಬಿದ್ದರೆ ಅದರ ಹೊಳಪು ನೆಲಕ್ಕೆ ಬೀಳುತ್ತದೆ, ಮೇಲೆ ಹಾರುವ ಶತ್ರು ವಿಮಾನದ ಕಣ್ಣಿಗಲ್ಲ.

▪ ಹೆಸರು ಓದುವ ಬಗೆ
ಮಾವನ ಲಾರಿ ‘ಸಿ 60 ಎಸ್’. ‘ಸಿ’ ಅಂದರೆ ಷೆವರ್ಲೆ. ಫೋರ್ಡ್ ಆಗಿದ್ದರೆ ‘ಎಫ್’. 60 ಅಂದರೆ ಹೊರಬಹುದಾದ ಭಾರ, ಹಂಡ್ರೆಡ್‌ವೆಯ್ಟ್ ಲೆಕ್ಕದಲ್ಲಿ. ಒಂದು ಹಂಡ್ರೆಡ್‌ವೆಯ್ಟ್‌ಗೆ 50.8 ಕಿಲೋ, 60 ಎಂದರೆ ಮೂರು ಟನ್ನು. ‘ಎಸ್’ ಅಂದರೆ ಗಿಡ್ಡ ಚಾಸಿ, ಮುಂದಿನ ಹಿಂದಿನ ಚಕ್ರಗಳ ನಡುವೆ 134 ಇಂಚು. ಉದ್ದ ಚಾಸಿಯ ‘ಎಲ್’ಗೆ 158 ಇಂಚು.

ಭಾರತಕ್ಕೆ ಇವು ಬಂದದ್ದು ಬಿಡಿಬಿಡಿಯಾಗಿ, ಮರದ ಪೆಟ್ಟಿಗೆಗಳಲ್ಲಿ. ಮುಂಬಯಿಯ ಶಿವಡಿಯಲ್ಲಿ 1928ರಿಂದಲೇ ಜನರಲ್ ಮೋಟರ್ಸ್ ಜೋಡಣೆ ಕಾರ್ಖಾನೆ ಇತ್ತು. ಕೆನಡಾದಿಂದ ಬಂದ ಫೋರ್ಡ್ ಚಾಸಿಗಳಿಗೆ ಇಲ್ಲಿಯ ಉಕ್ಕಿನ ಕವಚ ತೊಡಿಸಿ ಸೇನೆಗೆ ಕೊಟ್ಟದ್ದೂ ಉಂಟು. ಆ ಕವಚದ ಗಾಡಿಗೆ ಸೈನಿಕರು ಇಟ್ಟ ಹೆಸರು ‘ಟಾಟಾನಗರ್’.

ಅದೇ ಹೊತ್ತಿಗೆ ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಅನಿಲದಲ್ಲಿ ಓಡುತ್ತಿದ್ದವು. ದಿಬ್ಬ ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಪೆಟ್ರೋಲು ಸೇನೆಯ ಪಾಲಾಗಿತ್ತು. ಬೆಂಗಳೂರಿನ ಎಚ್‌ಎಎಲ್ 1943ರಲ್ಲಿ ಅಮೆರಿಕನ್ ವಾಯುಸೇನೆಯ ರಿಪೇರಿ ಕೇಂದ್ರವಾಯಿತು. ಈಶಾನ್ಯದಲ್ಲಿ, ದಿಮಾಪುರದಿಂದ ಇಂಫಾಲಕ್ಕೆ ಹೋಗುವ ಒಂದೇ ಒಂದು ರಸ್ತೆಯ ಮೇಲೆ ಇಡೀ ಸೇನೆಯ ಅನ್ನ, ಗುಂಡು ಸಾಗಬೇಕಿತ್ತು. ಜಪಾನೀಯರು ಮುರಿದಿದ್ದ ಆ ರಸ್ತೆ ಮತ್ತೆ ತೆರೆದದ್ದು 1944ರ ಜೂನ್ 22ರಂದು.

ಕಾಡು ಹೊತ್ತ ಬೆನ್ನು

ಯುದ್ಧ ಮುಗಿಯಿತು. ಹೆಚ್ಚುವರಿ ವಾಹನಗಳನ್ನು ಸರ್ಕಾರ ವಿಲೇವಾರಿ ಮಾಡಿತು. ನಾಲ್ಕೂ ಚಕ್ರ ಎಳೆಯುವ ಲಾರಿಗೆ ಪೇಟೆಯಲ್ಲಿ ಏನು ಕೆಲಸ? ಅದರ ಜಾಗ ಘಟ್ಟದ ಮೇಲೆ. ಮಳೆಗಾಲ ಮುಗಿದ ಕೂಡಲೇ ಕೆಸರು ಆರದ, ಮರ ಕಡಿಯುವ ಕೂಪಿನ ದಾರಿಗೆ ಇಳಿಯಬಲ್ಲ ಗಾಡಿ ಬೇರೆ ಇರಲಿಲ್ಲ. ಎತ್ತು, ಆನೆ ಎಳೆಯುತ್ತಿದ್ದ ದಿಮ್ಮಿಗಳು ಮಿಲಿಟರಿ ಲಾರಿ ಏರಿದವು.

ಇದನ್ನು ಬರೆಯುವಾಗ ನನ್ನ ಮನಸ್ಸು ಹಿಂಜರಿಯುತ್ತದೆ. ಈ ಬೆನ್ನಿನ ಮೇಲೆ ಬರಿಯ ಮರವಲ್ಲ, ಕಾಡೇ ಘಟ್ಟ ಇಳಿದುಹೋಗಿದೆ. ಚಾಸಿಯ ಎಡ ಹಳಿಯ ಮೇಲೆ ಬೆರಳು ಹೂಳುವಷ್ಟು ಆಳದ ಗೀರುಗಳಿವೆ. ದಿಮ್ಮಿ ಬಿಗಿದ ಸರಪಳಿ ಸವೆಸಿದ ಜಾಗ. ಉಕ್ಕನ್ನು ಇಷ್ಟು ಸವೆಸಬೇಕಾದರೆ ಎಷ್ಟು ಲೋಡು ಹೋಗಿರಬೇಕು! ಮಾವ ಆ ಗೀರಿಗೆ ಬೆಸುಗೆ ತುಂಬಲಿಲ್ಲ. ನನಗೆ ಅದು ಸರಿ ಅನ್ನಿಸಿತು.

ಚಪ್ಪಟೆ ಮೈಯ ಉಪಕಾರ

ಹಳೆಯ ಕಾರಿಗೆ ಮನೆಯ ಶೆಡ್ಡಿನಲ್ಲಿ ಹೊಸ ಮಡ್‌ಗಾರ್ಡು ಮಾಡುವುದು ತಪಸ್ಸು. 1930ರ ದಶಕದ ಕಾರಿನ ಮೈಯಲ್ಲಿ ನೇರ ಗೆರೆಯೇ ಇಲ್ಲ. ಪ್ರತಿ ಅಂಗುಲವೂ ಎರಡು ದಿಕ್ಕಿಗೆ ಬಾಗಿದೆ. ಮಿಲಿಟರಿ ಲಾರಿ ಹಾಗಲ್ಲ. ಅವಸರದಲ್ಲಿದ್ದವರು ಉಬ್ಬು ತಗ್ಗಿನ ಅಲಂಕಾರ ಮಾಡುತ್ತ ಕೂರಲಿಲ್ಲ. ನೆಲ, ಹಿಂಬದಿ, ಬಾಗಿಲು, ಬ್ಯಾಟರಿ ಪೆಟ್ಟಿಗೆ, ಮಡ್‌ಗಾರ್ಡಿನ ಹೆಚ್ಚಿನ ಭಾಗ ಎಲ್ಲವೂ ಚಪ್ಪಟೆ ತಗಡು, ಅಂಚಿನಲ್ಲಿ ಒಂದು ಮಡಿಕೆ. ಯುದ್ಧದ ತುರ್ತಿಗೆ ಮಾಡಿದ ಆ ಸರಳತೆಯೇ 80 ವರ್ಷದ ಮೇಲೆ ಹಳ್ಳಿಯ ಶೆಡ್ಡಿನಲ್ಲಿ ಕೂತವನಿಗೆ ಉಪಕಾರವಾಗಿದೆ. ಈ ಲಾರಿಯನ್ನು ಕೈಯಲ್ಲಿ ಮತ್ತೆ ಕಟ್ಟಬಹುದು ಎಂಬ ಧೈರ್ಯ ಮಾವನಿಗೆ ಬಂದದ್ದೇ ಇಲ್ಲಿಂದ.

ಧೈರ್ಯ ಮಾವನದು, ಕೈ ಶಿವಮೊಗ್ಗದಿಂದ ಬರುವ ಟಿಂಕರ್ ಭಾಯ್ ಅವರದು. ಅರವತ್ತು ದಾಟಿದ ಮನುಷ್ಯ. ಜೀವನವಿಡೀ ಲಾರಿ, ಬಸ್ಸುಗಳ ನೆಗ್ಗು ತೆಗೆದವರು. ಮೊದಲ ದಿನ ಅವರು ಸುತ್ತಿಗೆ ಮುಟ್ಟಲಿಲ್ಲ, ರಟ್ಟು ಕೇಳಿದರು. ಟಿವಿ ಬಂದ ಪೆಟ್ಟಿಗೆಯ ರಟ್ಟು. ಅದನ್ನು ಕತ್ತರಿಸಿ, ಮಡಚಿ, ಲಾರಿಯ ಮೈಗೆ ಹಿಡಿದು, ಮತ್ತೆ ಕತ್ತರಿಸಿದರು. ರಟ್ಟಿನಲ್ಲಿ ತಪ್ಪಿದರೆ ಹೋಗುವುದು ಐದು ನಿಮಿಷ, ತಗಡಿನಲ್ಲಿ ತಪ್ಪಿದರೆ ಒಂದು ಶೀಟು.

ತಗಡನ್ನು ಗೇಜಿನಲ್ಲಿ ಅಳೆಯುತ್ತಾರೆ. ನಂಬರು ಏರಿದಷ್ಟೂ ತಗಡು ತೆಳು: 16 ಗೇಜಿಗೆ 1.6 ಮಿ.ಮೀ., 18 ಗೇಜಿಗೆ 1.2 ಮಿ.ಮೀ. ಕಾಲು ಇಡುವ ನೆಲಕ್ಕೆ 16, ಬಾಗಿಲಿಗೆ 18 ಆಯಿತು. ನೆರೆಯವರೊಬ್ಬರು ಮಾಡಿಗೆ ಹಾಕಿ ಉಳಿದಿದ್ದ ಜಿಂಕ್ ಶೀಟು ಕೊಡುತ್ತೇನೆಂದರು. ಭಾಯ್ ಕೈಮುಗಿದರು. ಸತುವಿನ ಲೇಪನವಿರುವ ತಗಡಿಗೆ ಬೆಸುಗೆ ಹಾಕಿದರೆ ಏಳುವ ಬಿಳಿ ಹೊಗೆ ಕುಡಿದವರಿಗೆ ರಾತ್ರಿಯೊಳಗೆ ಚಳಿಜ್ವರ.

ಮಡಿಕೆ ಹಾಕುವುದು ನೋಡಲು ಸುಲಭ. ಎರಡು ದಪ್ಪ ಆ್ಯಂಗಲ್ಲುಗಳಿಗೆ ಕೀಲು ಕೂಡಿಸಿ ಮಾವ ತಾವೇ ಒಂದು ಮಡಚುವ ಯಂತ್ರ ಮಾಡಿಕೊಂಡಿದ್ದಾರೆ. ತಗಡನ್ನು ನಡುವೆ ಬಿಗಿದು ಹಿಡಿ ಎತ್ತಿದರೆ ಮಡಿಕೆ ಬೀಳುತ್ತದೆ. ಆದರೆ ಮಡಚಿದಾಗ ತಗಡು ಮೂಲೆಯನ್ನು ಸುತ್ತಿ ಹೋಗುವುದರಿಂದ ಲೆಕ್ಕ ಬದಲಾಗುತ್ತದೆ. ಹೊರ ಅಳತೆಗಳನ್ನು ಕೂಡಿ ಕತ್ತರಿಸಿದರೆ, 16 ಗೇಜಿನಲ್ಲಿ ಪ್ರತಿ ಮಡಿಕೆಗೂ ಎರಡು ಮೂರು ಮಿ.ಮೀ. ಹೆಚ್ಚು ಉಳಿಯುತ್ತದೆ. ನಾಲ್ಕು ಮಡಿಕೆಗೆ ಹತ್ತಿರ ಹತ್ತಿರ ಒಂದು ಸೆಂ.ಮೀ. ಮೊದಲ ನೆಲದ ತಗಡು ಹೀಗೇ ದೊಡ್ಡದಾಗಿ, ಚಾಸಿಯ ತೂತಿಗೂ ಅದರ ತೂತಿಗೂ ತಾಳೆಯೇ ಆಗಲಿಲ್ಲ. ಅಂದಿನಿಂದ ಪ್ರತಿ ಕೆಲಸಕ್ಕೂ ಮೊದಲು ಒಂದು ಸಣ್ಣ ಪಟ್ಟಿಯನ್ನು ಮಡಚಿ, ಅಳೆದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವುದು ಮಾವನಿಗೆ ರೂಢಿಯಾಗಿದೆ. ಆ ಗೋಡೆ ಈಗ ಶಾಲೆಯ ಹಲಗೆಯಂತಿದೆ.

ನಿಜವಾದ ಪರೀಕ್ಷೆ ಬಂದದ್ದು ಮಡ್‌ಗಾರ್ಡಿನ ಮೂಲೆಯಲ್ಲಿ. ಅಲ್ಲಿ ಮಾತ್ರ ತಗಡು ಎರಡು ದಿಕ್ಕಿಗೂ ಬಾಗಬೇಕು. ಭಾಯ್ ಹುಣಸೆ ಮರದ ಕೊರಡೊಂದರಲ್ಲಿ ಬೋಗುಣಿಯಂಥ ತಗ್ಗು ಕೊರೆಸಿದರು. ತಾಮ್ರದ ಹಂಡೆ ಬಡಿಯುವವರು ಮಾಡುವುದೂ ಇದನ್ನೇ. ತಗಡನ್ನು ತಗ್ಗಿನ ಮೇಲಿಟ್ಟು ಕೊಡತಿಯಿಂದ ಅಂಚಿನಿಂದ ಒಳಕ್ಕೆ ಬಡಿಯುತ್ತ ಹೋದರು. ತಗಡು ಸೀರೆಯ ನೆರಿಗೆಯ ಹಾಗೆ ಸುಕ್ಕುಗಟ್ಟಿತು. ನಾನು ಕೆಟ್ಟೇಹೋಯಿತು ಅಂದುಕೊಂಡೆ. ಅವರು ಒಂದೊಂದೇ ನೆರಿಗೆಯನ್ನು ಅದು ಮಡಚಿ ಬೀಳುವ ಮೊದಲೇ ಒತ್ತಿ ಒಳಗೆ ಸೇರಿಸುತ್ತ ಬಂದರು. ಆ ಜಾಗದಲ್ಲಿ ತಗಡು ದಪ್ಪವಾಗಿ, ಅಂಚು ಕುಗ್ಗಿ, ಮೂಲೆ ತಾನಾಗಿ ದುಂಡಗಾಯಿತು.

ನಾನೂ ಕೊಡತಿ ಕೇಳಿ ತೆಗೆದುಕೊಂಡು ನಾಲ್ಕು ಏಟು ಹಾಕಿದೆ. ಭಾಯ್ ಕೈ ಹಿಡಿದರು.

“ಹೊಡೀಬಾರ್ದು ಸಾರ್. ಕೂರಿಸ್ಬೇಕು.”

ಹೆಚ್ಚು ಹಿಗ್ಗಿದ ತಗಡನ್ನು ಮರಳಿ ಕುಗ್ಗಿಸುವ ಬಗೆ ಅವರ ಕೈಯಲ್ಲಿ ಮಾಯೆಯಂತೆ ಕಾಣುತ್ತದೆ. ಉಬ್ಬಿದ ಜಾಗದಲ್ಲಿ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಗ್ಯಾಸಿನ ಜ್ವಾಲೆ ಹಿಡಿದು ಕೆಂಪಾಗಿಸುತ್ತಾರೆ. ಕಾದ ಕಬ್ಬಿಣ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಹಾಗಾಗಿ ಅದು ಅಲ್ಲೇ ದಪ್ಪವಾಗುತ್ತದೆ. ಕೊಡತಿಯಿಂದ ಎರಡು ಏಟು, ಮೇಲೆ ಒದ್ದೆ ಬಟ್ಟೆ. ಆರಿದಾಗ ಮೊದಲಿಗಿಂತ ಕಿರಿದಾಗಿರುತ್ತದೆ. ಉಬ್ಬಿ ಲಟಲಟ ಅನ್ನುತ್ತಿದ್ದ ಬಾಗಿಲಿನ ತಗಡು ಮೃದಂಗದ ಚರ್ಮದ ಹಾಗೆ ಬಿಗಿಯಾಗುವುದನ್ನು ಕಣ್ಣಾರೆ ಕಂಡೆ.

ಇದೇ ಗುಣ ಬೆಸುಗೆಯ ಹೊತ್ತಿಗೆ ವೈರಿ. ಒಂದೇ ಸಮನೆ ಬೆಸೆಯುತ್ತ ಹೋದರೆ ಕಾವು ಒಂದೆಡೆ ಸೇರಿ ಇಡೀ ತಗಡು ಹಪ್ಪಳವಾಗುತ್ತದೆ. ಅದಕ್ಕೇ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಆರಲು ಬಿಡುವು. ಒಂದು ಬಾಗಿಲಿನ ಕೆಳಭಾಗಕ್ಕೆ ಹೀಗೆ ಎರಡು ದಿನ ಹಿಡಿಯಿತು. ಕಾರ್ಖಾನೆಯಲ್ಲಿ ಪ್ರೆಸ್ಸು ಒಂದು ಏಟಿಗೆ ಮುಗಿಸಿದ್ದ ಕೆಲಸ.

▪ ಕಾಕಂಬಿ ಸ್ನಾನ
ಸಕ್ಕರೆ ಕಾರ್ಖಾನೆಯ ಕಾಕಂಬಿ 1 ಪಾಲು, ನೀರು 9 ಪಾಲು. ತುಕ್ಕು ಹಿಡಿದ ಭಾಗವನ್ನು ಪೂರ್ತಿ ಮುಳುಗಿಸಿ ಎರಡು ಮೂರು ವಾರ ಬಿಡಬೇಕು. ಕಾಕಂಬಿಯ ಅಂಶಗಳು ತುಕ್ಕನ್ನು ಹಿಡಿದು ಬಿಡಿಸುತ್ತವೆ; ಒಳ್ಳೆಯ ಕಬ್ಬಿಣಕ್ಕೆ ಹೆಚ್ಚು ಪೆಟ್ಟಿಲ್ಲ. ಅಲ್ಯೂಮಿನಿಯಂ, ಸತುವಿನ ಎರಕದ ಭಾಗಗಳನ್ನು ಹಾಕಬಾರದು, ತಿಂದುಹಾಕುತ್ತದೆ. ಹೊರತೆಗೆದ ಕೂಡಲೇ ತೊಳೆದು, ಒರೆಸಿ, ಪ್ರೈಮರ್ ಬಳಿಯಬೇಕು. ಬರಿಮೈ ಕಬ್ಬಿಣ ಮಲೆನಾಡಿನ ಗಾಳಿಯಲ್ಲಿ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ.

ಒಂದು ಬೋಲ್ಟು, ಮೂರು ದೇಶ

ಭಾಯ್ ಅವರ ಪೆಟ್ಟಿಗೆಯಲ್ಲಿದ್ದ ನಟ್ಟುಗಳು ಈ ಲಾರಿಯ ಬೋಲ್ಟುಗಳಿಗೆ ಕೂರಲಿಲ್ಲ. ಇಂದಿನದು ಮಿಲಿಮೀಟರ್ ಲೆಕ್ಕ. ಹಳೆಯ ಗುಜರಿಯಲ್ಲಿ ಸಿಗುವ ಇಂಚಿನ ಬೋಲ್ಟುಗಳು ಹೆಚ್ಚಾಗಿ ಬ್ರಿಟಿಷ್ ವಿಟ್‌ವರ್ತ್. ಅದರ ಮರೆಯ, ಅಂದರೆ ಥ್ರೆಡ್ಡಿನ, ಕೋನ 55 ಡಿಗ್ರಿ. ಕೆನಡಾದ ಲಾರಿಗೆ ಬಳಸಿದ್ದು ಅಮೆರಿಕನ್ ಅಳತೆ, 60 ಡಿಗ್ರಿ. ಎರಡು ಸುತ್ತು ಹೋಗಿ ಮೂರನೆಯದಕ್ಕೆ ಕಚ್ಚಿಕೊಳ್ಳುತ್ತದೆ.

ಯುದ್ಧದಲ್ಲಿ ಇದೇ ತೊಡಕು ಸಾವಿರಾರು ರಿಪೇರಿ ಡೇರೆಗಳನ್ನು ಕಾಡಿತ್ತು. ಮಿತ್ರರಾಷ್ಟ್ರಗಳ ಸೇನೆ ಒಂದೇ, ಸ್ಪ್ಯಾನರು ಬೇರೆ. ಆ ಕಹಿಯಿಂದಲೇ ಅಮೆರಿಕ, ಬ್ರಿಟನ್, ಕೆನಡಾ 1948ರ ನವೆಂಬರಿನಲ್ಲಿ ಕೂತು ಒಂದೇ ಮರೆಗೆ ಒಪ್ಪಿಕೊಂಡವು. ಮಾವ ಕೆಲವು ಬೋಲ್ಟುಗಳನ್ನು ಲೇತಿನಲ್ಲಿ ಮಾಡಿಸಿದರು. ಉಳಿದವಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದರು.

ಎಂಜಿನ್ನಿನ ಸರದಿ ಮುಂದಿನ ವರ್ಷಕ್ಕೆ. ಷೆವರ್ಲೆಯ ಕನೆಕ್ಟಿಂಗ್ ರಾಡಿನಲ್ಲಿ ಈಗಿನಂತೆ ತೆಗೆದು ಹಾಕುವ ಬೇರಿಂಗ್ ಇಲ್ಲ. ಬ್ಯಾಬಿಟ್ ಎಂಬ ಮೆದು ಮಿಶ್ರಲೋಹವನ್ನು ಕರಗಿಸಿ ಅಲ್ಲೇ ಸುರಿದು, ಕೆರೆದು ಅಳತೆಗೆ ತರಬೇಕು. ಅದನ್ನು ಬಲ್ಲ ಕೈಗಳು ಈಗ ವಿರಳ. ಮಾವನ ನಿದ್ದೆ ಕೆಡಿಸಿರುವ ಚಿಂತೆ ಇದೊಂದೇ.

▪ ಗಾಳಿ ಇದ್ದಾಗ ಮುಟ್ಟಬೇಡಿ
ಈ ಕುಲದ ಎಷ್ಟೋ ಲಾರಿಗಳ ಚಕ್ರ ಎರಡು ಹೋಳು, ನಡುವೆ ನಟ್ಟು ಬೋಲ್ಟಿನ ಸುತ್ತು. ಟೈರಿನಲ್ಲಿ ಗಾಳಿ ಇರುವಾಗ ಆ ಸುತ್ತಿನ ನಟ್ಟು ಬಿಚ್ಚಿದರೆ ಹೋಳು ಸಿಡಿದು ಪ್ರಾಣ ತೆಗೆಯುತ್ತದೆ. ಬ್ರಿಟಿಷ್ ಸೇನೆ ಇಂಥ ನಟ್ಟುಗಳಿಗೆ ಕೆಂಪು ಬಳಿಯುತ್ತಿತ್ತು. ಬಣ್ಣ ಹೋಗಿರಬಹುದು, ಅಪಾಯ ಹೋಗಿಲ್ಲ. ಮೊದಲು ವಾಲ್ವಿನ ಪಿನ್ನನ್ನೇ ತೆಗೆದು ಗಾಳಿ ಪೂರ್ತಿ ಬಿಡಬೇಕು.

ಯಾವುದು ಮೂಲ?

ಬಣ್ಣ ಕೆರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೇಲಿನದು ಲಾರಿಯನ್ನು ದುಡಿಸಿದ್ದ ಚೌಬೀನೆ ಮಿಲ್ಲಿನವರು ಬಳಿದ ನೀಲಿ. ಅದರಡಿ ಹಳದಿ. ಅದರಡಿ ಸೇನೆಯ ಮಾಸಲು ಹಸಿರು. ನೀರು ಹಾಕಿ ಸಣ್ಣ ಮರಳು ಕಾಗದದಲ್ಲಿ ತಿಕ್ಕುತ್ತ ಹೋದರೆ ಬಾನೆಟ್ಟಿನ ಪಕ್ಕದಲ್ಲಿ ಬಿಳಿ ಅಕ್ಷರವೊಂದು ಮೂಡಿತು: ‘ಎಲ್’. ಬ್ರಿಟಿಷ್ ಸೇನೆಯ ದಾಖಲೆಯಲ್ಲಿ ಲಾರಿಗಳ ನಂಬರು ಶುರುವಾಗುವುದು ಆ ಅಕ್ಷರದಿಂದ. ಮುಂದಿನ ಅಂಕಿಗಳಲ್ಲಿ ಎರಡು ಮಾತ್ರ ಉಳಿದಿದ್ದವು. ಆ ಅಕ್ಷರ ಬರೆದ ಕುಂಚ ಯಾರದೋ. ನಾನು ತಿಕ್ಕುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಆಗ ಎದ್ದ ಪ್ರಶ್ನೆ ಇನ್ನೂ ಶೆಡ್ಡಿನಲ್ಲಿ ಸುತ್ತುತ್ತಿದೆ. ಈ ಲಾರಿಯನ್ನು ಯಾವ ಕಾಲಕ್ಕೆ ಮರಳಿಸಬೇಕು? ಸೇನೆಯಲ್ಲಿ ಅದು ಕಳೆದದ್ದು ಕೆಲವೇ ವರ್ಷ. ಮಲೆನಾಡಿನಲ್ಲಿ ದುಡಿದದ್ದು ಅದರ ಹತ್ತು ಪಟ್ಟು. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳ ನೋಂದಣಿಗೆ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ ದ್ವಿಚಕ್ರ, ಚತುಷ್ಚಕ್ರ ವಾಹನಗಳಿಗೆ ಬೇರೆಯೇ ನಂಬರು. ದಿನನಿತ್ಯದ ಓಡಾಟಕ್ಕೆ, ವ್ಯಾಪಾರಕ್ಕೆ ಬಳಸುವಂತಿಲ್ಲ. ಒಳ್ಳೆಯ ನಿಯಮವೇ. ಆದರೆ ‘ಮೂಲ ರೂಪ’ ಎಂಬ ಎರಡು ಪದ ಲಾರಿಯ ಮಟ್ಟಿಗೆ ಸುಲಭವಲ್ಲ. ಕಾರನ್ನು ಜನ ಸಾಕುತ್ತಾರೆ, ಲಾರಿಯನ್ನು ದುಡಿಸುತ್ತಾರೆ. ದುಡಿಯುತ್ತ ಅದು ಬದಲಾಗುತ್ತದೆ.

ಧರ್ಮಸ್ಥಳದ ಕಾರು ಮ್ಯೂಸಿಯಮ್ಮಿನಲ್ಲಿ ಹೊಳೆಯುವ ಹಳೆಯ ಕಾರುಗಳನ್ನು ಎಷ್ಟೋ ಓದುಗರು ನೋಡಿರುತ್ತೀರಿ. ಮಡಿಕೇರಿಯ ‘ಸನ್ನಿ ಸೈಡ್’ ಮನೆ 2021ರಿಂದ ಜನರಲ್ ತಿಮ್ಮಯ್ಯ ಮ್ಯೂಸಿಯಂ ಆಗಿದೆ. ಬರ್ಮಾ ಗಡಿಯ ಅರಾಕಾನ್‌ನಲ್ಲಿ ದಂಡು ನಡೆಸಿದ ಮನುಷ್ಯನ ಮನೆ. ಅರಸರ ಕಾರಿಗೆ, ಸೇನಾನಿಯ ಮನೆಗೆ ನಾವು ಜಾಗ ಮಾಡಿಕೊಟ್ಟಿದ್ದೇವೆ. ಅಂಥ ಸೇನೆಗಳಿಗೆ ಅಕ್ಕಿ ಹೊತ್ತ ಲಾರಿಗಳು ಮಾತ್ರ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಈ ಸಂಕಟವೇ ನನ್ನನ್ನು ವಾರವಾರವೂ ಆ ಶೆಡ್ಡಿಗೆ ಎಳೆಯುತ್ತದೆ.

ಆಯುಧ ಪೂಜೆಗೆ ನಾಲ್ಕು ದಿನ ಇರುವಾಗ ಕ್ಯಾಬಿನ ನೆಲ ಕೂರಿಸುವ ಕೆಲಸ ಬಂತು. ಹಳೆಯ ನೆಲ ತೆಗೆದಾಗ ಅಡಿಯಲ್ಲಿ ಒಂದು ದಪ್ಪ ಪಟ್ಟಿ ಸಿಕ್ಕಿತ್ತು, ಲಾರಿಯದ್ದಲ್ಲ. ಎತ್ತಿನ ಗಾಡಿಯ ಚಕ್ರದ ಕಬ್ಬಿಣದ ಪಟ್ಟಿ. ಯಾವನೋ ಕಮ್ಮಾರ ಅದನ್ನು ಕುಲುಮೆಯಲ್ಲಿ ಕಾಯಿಸಿ, ಅಡಿಗಲ್ಲಿನ ಮೇಲೆ ನೆಟ್ಟಗೆ ಮಾಡಿ, ಮುರಿದ ಅಡ್ಡಪಟ್ಟಿಗೆ ಕಾದ ರಿವೆಟ್ಟು ಬಡಿದು ಕೂರಿಸಿದ್ದ. ಪೂರ್ತಿ ನೆಟ್ಟಗಾಗಿರಲಿಲ್ಲ, ಚಕ್ರದ ಬಾಗು ಇನ್ನೂ ಒಂದಿಷ್ಟು ಉಳಿದಿತ್ತು. ಕೆನಡಾದ ನಕ್ಷೆಯಲ್ಲಿ ಇದು ಇಲ್ಲ. ತೆಗೆದರೆ ನೆಲ ಸಲೀಸಾಗಿ ಕೂರುತ್ತದೆ.

ಭಾಯ್ ಗ್ರೈಂಡರು ಕೈಗೆತ್ತಿಕೊಂಡು ಮಾವನ ಮುಖ ನೋಡಿದರು. “ಕತ್ತರಿಸ್ಲಾ ಗೌಡ್ರೆ?”

ಮಾವ ಪಟ್ಟಿಯ ಮೇಲೆ ಕೈಯಾಡಿಸಿದರು. ರಿವೆಟ್ಟುಗಳ ತಲೆಯನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆರೂ ಗಟ್ಟಿಯಾಗಿದ್ದವು.

“ಬೇಡ ಭಾಯ್. ನೆಲವನ್ನೇ ಬಾಗಿಸಿ.”

ಭಾಯ್ ಗ್ರೈಂಡರು ಕೆಳಗಿಟ್ಟು ರಟ್ಟು ಹುಡುಕಿದರು. ಆ ಬಾಗಿನ ಅಚ್ಚು ತೆಗೆಯಲು ಇಡೀ ಮಧ್ಯಾಹ್ನ ಬೇಕಾಯಿತು.

ಹಬ್ಬದ ಹಿಂದಿನ ಸಂಜೆ ಚಕ್ರಗಳನ್ನು ಏರಿಸಿ, ಜಾಕಿ ಇಳಿಸಿ, ದಿಮ್ಮಿಗಳನ್ನು ಒಂದೊಂದಾಗಿ ಎಳೆದರು. ಸ್ಪ್ರಿಂಗಿನ ಪಟ್ಟಿಗಳು ಕಿರುಗುಟ್ಟಿ ಚೂರು ತಗ್ಗಿದವು. ಲಾರಿ ನಿಂತಿತು. ಮಾವ ಅದರ ಸುತ್ತ ಒಮ್ಮೆ ನಡೆದು ಬಂದು, ಜಾಕಿಯ ಹಿಡಿಯನ್ನು ಗೋಡೆಗೆ ಒರಗಿಸಿ, ಗ್ಲೌಸು ಏರಿಸಿಕೊಂಡು ಎಡ ಬಾಗಿಲಿನ ಕೀಲನ್ನು ಕಾಕಂಬಿಯ ಡ್ರಮ್ಮಿಗೆ ಇಳಿಸಿದರು.